ಕೋನಗಲ್ಲು ಕದನ (1800)

ಕೋನಗಲ್ಲು ಕದನ: ಈಸ್ಟ್ ಇಂಡಿಯಾ ಕಂಪನಿಯ ಕುದುರೆ ಪಡೆಗೂ ಧೋಂಡಿಯಾ ವಾಘನ ಸವಾರರಿಗೂ 1800ರ ಸೆಪ್ಟೆಂಬರ್ 10ರಂದು ಕೃಷ್ಣಾ–ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ ನಡೆದ ಕಾಳಗ. ಕಂಪನಿಯ ಕಡೆ ಇದ್ದದ್ದು ನಾಲ್ಕು ರೆಜಿಮೆಂಟು ಕುದುರೆ ದಂಡು, ಎಲ್ಲ ಕೂಡಿದರೂ 1,500 ದಾಟದಷ್ಟು ಜನ. ಎದುರಿಗೆ ನಿಂತ ಸವಾರರು ಸುಮಾರು 5,000. ಒಂದು ಬೆಳಗಿನೊಳಗೆ ದೊಡ್ಡ ಪಡೆ ಚದುರಿತು, ಅದರ ನಾಯಕ ಸತ್ತ, ಮೈಸೂರಿನ ಉತ್ತರ ಗಡಿಯಲ್ಲಿ ಒಂದು ವರ್ಷದಿಂದ ಉರಿಯುತ್ತಿದ್ದ ಯುದ್ಧ ಮುಗಿಯಿತು. ಕಂಪನಿಯ ಪಡೆಯನ್ನು ನಡೆಸಿದವನು 31 ವರ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ನಿನ ಡ್ಯೂಕ್ ಇವನೇ.

ಕೋನಗಲ್ಲು ಇಂದಿನ ರಾಯಚೂರು ಜಿಲ್ಲೆಯ ನೆಲ. ಆದರೆ ಕದನದ ಫಲವನ್ನು ನಿರ್ಧರಿಸಿದ ಐದು ದಿನಗಳ ನಡಿಗೆ ನಡೆದದ್ದು ಈಗಿನ ಕೊಪ್ಪಳ ಜಿಲ್ಲೆಯಲ್ಲಿ: ಕುಷ್ಟಗಿ ಸೀಮೆಯ ಹನುಮಸಾಗರ, ಗಂಗಾವತಿ ಸೀಮೆಯ ಕನಕಗಿರಿ ಮತ್ತು ನವಲಿ. ವೆಲ್ಲೆಸ್ಲಿಯ ಜೀವನಚರಿತ್ರೆಗಳು ಈ ಊರುಗಳನ್ನು ಒಂದು ಸಾಲಿನಲ್ಲಿ ದಾಟಿ ಹೋಗುತ್ತವೆ. ಕದನವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಬೇಕು.

ನಾಡು ಮತ್ತು ಕಾಲ

ಪಶ್ಚಿಮದಲ್ಲಿ ಗಜೇಂದ್ರಗಡ–ಯಲಬುರ್ಗಾ ಕಡೆಯ ಗುಡ್ಡ, ದಕ್ಷಿಣಕ್ಕೆ ಆನೆಗೊಂದಿಯ ಬಂಡೆಗಲ್ಲಿನ ಬೆಟ್ಟಸಾಲು, ನಡುವೆ ಎರೆ ಮತ್ತು ಮಸಾರಿ ಹೊಲ, ಅಲ್ಲಲ್ಲಿ ನೆಲದಿಂದ ಒಮ್ಮೆಲೇ ಎದ್ದು ನಿಂತ ಒಂಟಿ ಕಲ್ಲುಗುಡ್ಡಗಳು. ಈ ನಾಡಿನ ನೋಟ ಹೀಗೆ. ಇಂದು ಗಂಗಾವತಿ, ಕಾರಟಗಿಯ ಸುತ್ತ ಕಾಣುವ ಭತ್ತದ ಗದ್ದೆಗಳು ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲಿನವು. 1800ರಲ್ಲಿ ಹೊಳೆಯ ಮಗ್ಗುಲಲ್ಲಿ ವಿಜಯನಗರ ಕಾಲದ ಹಳೆಯ ಕಾಲುವೆಗಳ ಕೆಳಗೆ ಒಂದಿಷ್ಟು ನೀರಾವರಿ, ಉಳಿದಂತೆ ಎಲ್ಲ ಜೋಳ, ಸಜ್ಜೆ, ಹತ್ತಿಯ ಒಣ ಬೇಸಾಯ. ಬಯಲಿನಲ್ಲಿ ಕುದುರೆ ಓಡಿಸುವುದು ಸುಲಭ. ಮಳೆ ಬಿದ್ದ ಎರೆ ನೆಲದಲ್ಲಿ ಮಾತ್ರ ಕುದುರೆಯೂ ಬಂಡಿಯೂ ಒಂದೇ.

ಆ ಕಾಲದಲ್ಲಿ ಕೋಟೆ ಹಿಡಿದವನದೇ ನಾಡು. ಕೊಪ್ಪಳ ಕೋಟೆಯನ್ನು ಟಿಪ್ಪು ಸುಲ್ತಾನ 1786ರಲ್ಲಿ ಪಾಳೆಯಗಾರನಿಂದ ತೆಗೆದುಕೊಂಡು ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಬಲಪಡಿಸಿದ್ದ. ಮೂರನೆಯ ಮೈಸೂರು ಯುದ್ಧದಲ್ಲಿ ನಿಜಾಮನ ದಂಡೂ ಕಂಪನಿಯ ಮದರಾಸು ಸಿಪಾಯಿಗಳೂ ಕೂಡಿ ಅದಕ್ಕೆ ಮುತ್ತಿಗೆ ಹಾಕಿದವು. 1790ರ ಅಕ್ಟೋಬರ್ ಕೊನೆಗೆ ಶುರುವಾದ ಮುತ್ತಿಗೆ 1791ರ ಏಪ್ರಿಲ್‌ವರೆಗೆ ಎಳೆಯಿತು. ಬೆಂಗಳೂರು ಕೋಟೆ ಬಿದ್ದ ಸುದ್ದಿ ಬಂದ ಮೇಲೆ ಒಳಗಿದ್ದವರು ಶರತ್ತಿನ ಮೇಲೆ ಕೋಟೆ ಬಿಟ್ಟುಕೊಟ್ಟರೇ ಹೊರತು ಹೊರಗಿನವರು ಒಡೆದು ನುಗ್ಗಲಿಲ್ಲ. ಆಗ ಕಿರಿಯ ಅಧಿಕಾರಿಯಾಗಿ ಅಲ್ಲಿದ್ದ ಜಾನ್ ಮಾಲ್ಕಂ, ತಾನು ಹಿಂದೂಸ್ಥಾನದಲ್ಲಿ ಕಂಡ ಅತಿ ಗಟ್ಟಿ ಜಾಗ ಇದೇ ಎಂದು ಬರೆದಿಟ್ಟಿದ್ದಾನೆ. 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಕೊಪ್ಪಳ ಸೀಮೆ ನಿಜಾಮನ ಪಾಲಾಯಿತು. ಒಂದು ಕೋಟೆಗೆ ಆರು ತಿಂಗಳು ಹಿಡಿದ ಅದೇ ನೆಲದಲ್ಲಿ ಹತ್ತು ವರ್ಷದೊಳಗೆ ಒಂದು ಇಡೀ ಸೈನ್ಯ ಒಂದು ಬೆಳಗಿನಲ್ಲಿ ಕರಗಿದ್ದಕ್ಕೆ ಮೊದಲ ಕಾರಣ, ಧೋಂಡಿಯಾನ ಕೈಯಲ್ಲಿ ಕೊನೆಗೆ ಒಂದೂ ಕೋಟೆ ಉಳಿದಿರಲಿಲ್ಲ ಎಂಬುದು.

ಧೋಂಡಿಯಾ ವಾಘ್

ಧೋಂಡಿಯಾ ಚನ್ನಗಿರಿಯವನು, ಮರಾಠ ಮನೆತನದವನು. ಹೈದರಾಲಿಯ ಕುದುರೆ ದಂಡಿನಲ್ಲಿ ಸವಾರನಾಗಿ ಬೆಳೆದ. ಮೂರನೆಯ ಮೈಸೂರು ಯುದ್ಧದ ಗದ್ದಲದಲ್ಲಿ ಟಿಪ್ಪುವಿನ ಸೇವೆ ಬಿಟ್ಟು ಉತ್ತರಕ್ಕೆ ಬಂದು ಹಾವೇರಿ, ಸವಣೂರು ಸೀಮೆಯಲ್ಲಿ ಸ್ವಂತ ದಂಡು ಕಟ್ಟಿದ. ಪೇಶ್ವೆಯ ಕಡೆಯ ಧೋಂಡೋಪಂತ ಗೋಖಲೆ ಅಲ್ಲಿಂದ ಅವನನ್ನು ಓಡಿಸಿದಾಗ 1794ರಲ್ಲಿ ಮತ್ತೆ ಟಿಪ್ಪುವಿನ ಬಳಿಗೆ ಹೋದ. ಮೊದಲು ಆದರ ಸಿಕ್ಕಿತು, ಆಮೇಲೆ ಸೆರೆ ಸಿಕ್ಕಿತು. ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಅವನ ಧರ್ಮ ಬದಲಾಗಿ ಮಲಿಕ್ ಜಹಾನ್ ಖಾನ್ ಎಂಬ ಹೆಸರೂ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಮನೆಯ ಬಾಗಿಲು ತೆರೆಯಿತು. ಗೆದ್ದವರಿಗೆ ಇವನು ಯಾರೆಂದು ತಿಳಿಯುವ ಹೊತ್ತಿಗೆ ಹಕ್ಕಿ ಹಾರಿಹೋಗಿತ್ತು.

ಅವನು ಒಬ್ಬನೇ ಹೋಗಲಿಲ್ಲ. ಸುಲ್ತಾನನ ಸಾವಿರಾರು ಸವಾರರು ಒಂದೇ ದಿನದಲ್ಲಿ ಸಂಬಳವಿಲ್ಲದವರಾಗಿದ್ದರು. ಕುದುರೆ ಇದೆ, ಕತ್ತಿ ಇದೆ, ಸಂಸಾರವಿದೆ, ಯಜಮಾನನಿಲ್ಲ. ಇಂಥವರು ಧೋಂಡಿಯಾನ ಸುತ್ತ ಕೂಡಿದರು. ಬಿದನೂರು, ಶಿಕಾರಿಪುರದ ಕಡೆ ಠಾಣೆಗಳು ಅವನ ವಶವಾದವು. 1799ರ ಆಗಸ್ಟ್‌ನಲ್ಲಿ ಕಂಪನಿಯ ಸ್ಟೀವನ್ಸನ್ ಮತ್ತು ಡಾಲ್ರಿಂಪಲ್ ಅವನನ್ನು ಶಿಕಾರಿಪುರದ ಬಳಿ ಸೋಲಿಸಿ ತುಂಗಭದ್ರೆಯಾಚೆಗೆ ಅಟ್ಟಿದರು. ಆಚೆ ದಡದಲ್ಲಿ ಕಾದಿದ್ದ ಗೋಖಲೆ ಅವನ ಆನೆ, ತೋಪು, ಸಾಮಾನು ದೋಚಿದ. ಅಂದು ಧೋಂಡಿಯಾ ಗೋಖಲೆಯ ಎದೆಯ ರಕ್ತದಲ್ಲಿ ತನ್ನ ಮೀಸೆಗೆ ಬಣ್ಣ ಹಚ್ಚುವೆನೆಂದು ಶಪಥ ಮಾಡಿದನೆಂದು ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ಹೇಳುತ್ತಾನೆ. ಮರುವರ್ಷ ಅವನು ಮತ್ತೆ ಎದ್ದು ಬಂದಾಗ ದಂಡು ಹತ್ತಾರು ಸಾವಿರಕ್ಕೆ ಬೆಳೆದಿತ್ತು, ಹೆಸರಿನ ಹಿಂದೆ ಉಭಯಲೋಕಾಧೀಶ್ವರನೆಂಬ ಬಿರುದೂ ಸೇರಿತ್ತು. ವೆಲ್ಲೆಸ್ಲಿ ತನ್ನ ಕಾಗದಗಳಲ್ಲಿ ಈ ಬಿರುದನ್ನು ಗೇಲಿ ಮಾಡಿ ಅವನನ್ನು ಲೋಕದ ರಾಜನೆಂದೇ ಕರೆಯುತ್ತಾನೆ. ಗೇಲಿಯ ಅಡಿಯಲ್ಲಿ ಅಂಜಿಕೆ ಇತ್ತು. ನಲವತ್ತು ವರ್ಷದ ಹಿಂದೆ ಹೈದರನೂ ಸವಾರರ ನಾಯಕನಾಗಿಯೇ ಮೇಲೆ ಬಂದಿದ್ದನೆಂಬುದು ಕಂಪನಿಯಲ್ಲಿ ಯಾರಿಗೂ ಮರೆತಿರಲಿಲ್ಲ.

ಬೆನ್ನಟ್ಟಿದ ಮಳೆಗಾಲ

1800ರ ಮೇ ತಿಂಗಳಲ್ಲಿ ಡಚ್ಚರ ಬಟಾವಿಯಾದ ಮೇಲೆ ಹೋಗಲಿದ್ದ ದಂಡಿನ ನಾಯಕತ್ವ ವೆಲ್ಲೆಸ್ಲಿಗೆ ಬಂದಿತ್ತು. ಹಣ, ಹೆಸರು ಎರಡೂ ಸಿಗುವ ಅವಕಾಶ ಅದು. ಧೋಂಡಿಯಾನ ಕೆಲಸ ಮುಗಿಯದೆ ಮೈಸೂರು ಬಿಡುವುದು ಸರಿಯಲ್ಲವೆಂದು ಅವನು ಹೋಗಲಿಲ್ಲ. ಜೂನ್ 14ರಂದು ಇಟಲಿಯ ಮರೆಂಗೋದಲ್ಲಿ ನೆಪೋಲಿಯನ್ ಸಂಖ್ಯೆಯಲ್ಲಿ ತನಗಿಂತ ಹೆಚ್ಚಿದ್ದ ಆಸ್ಟ್ರಿಯನ್ ಸೇನೆಯ ಕೈಯಿಂದ ಸೋಲಿನ ಅಂಚಿನಲ್ಲಿ ಗೆಲುವು ಕಸಿದುಕೊಂಡ. ಅದಾಗಿ ಹತ್ತು ದಿನಕ್ಕೆ, ಜೂನ್ 24ರಂದು, ಅವನದೇ ವಯಸ್ಸಿನ ವೆಲ್ಲೆಸ್ಲಿ ಹರಿಹರದಲ್ಲಿ ತುಂಗಭದ್ರೆ ದಾಟಿದ. ಇಬ್ಬರೂ ಹುಟ್ಟಿದ್ದು 1769ರಲ್ಲಿ.

ಮುಂದಿನ ಐದು ವಾರ ಕೋಟೆಗಳ ಬೇಟೆ. ಐರಣಿ, ರಾಣೆಬೆನ್ನೂರು, ಹಾವೇರಿ, ಸವಣೂರು, ಕುಂದಗೋಳ. ಜುಲೈ 26ರಂದು ಡಂಬಳ, ಅದರ ಬೆನ್ನಿಗೆ ಗದಗ. ಧೋಂಡಿಯಾನೂ ಸುಮ್ಮನಿರಲಿಲ್ಲ. ಜೂನ್ 30ರಂದು ಕಿತ್ತೂರಿನ ಬಳಿ ಹೊಂಚು ಹಾಕಿ ಗೋಖಲೆಯನ್ನು ಕೊಂದು ಶಪಥ ತೀರಿಸಿಕೊಂಡ. ಗೋಖಲೆಯ ಸೋದರನ ಮಗ ಬಾಪು ಗೋಖಲೆ ಉಳಿದ ಮರಾಠ ಸವಾರರೊಡನೆ ಕಂಪನಿಯ ದಂಡು ಸೇರಿದ. ಹದಿನೆಂಟು ವರ್ಷದ ಬಳಿಕ ಇದೇ ಬಾಪು ಗೋಖಲೆ ಪೇಶ್ವೆಯ ಸೇನಾಪತಿಯಾಗಿ ಅಷ್ಟಿಯಲ್ಲಿ ಕಂಪನಿಯ ವಿರುದ್ಧ ಹೋರಾಡಿ ಸತ್ತದ್ದು ಬೇರೆ ಮಾತು.

ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಧೋಂಡಿಯಾನಿಗೆ ಮೊದಲ ದೊಡ್ಡ ಪೆಟ್ಟು ಬಿತ್ತು. ಒಂದೇ ದಿನ 26 ಮೈಲಿ ನಡೆದು ಬಂದ ವೆಲ್ಲೆಸ್ಲಿ, ಹೊಳೆಗೆ ಬೆನ್ನು ಮಾಡಿ ಬೀಡು ಬಿಟ್ಟಿದ್ದ ಅರ್ಧ ಸೈನ್ಯದ ಮೇಲೆ ಬಿದ್ದ. ತುಂಬಿದ ಹೊಳೆಯೇ ಕತ್ತಿಗಿಂತ ಹೆಚ್ಚು ಜನರನ್ನು ನುಂಗಿತು. ಬಬ್ಬರ್ ಜಂಗ್ ಎಂಬ ಸರದಾರ ಹೋರಾಡಲೆಂದು ಕವಚ ತೊಟ್ಟವನು, ಕುದುರೆಯನ್ನು ನೀರಿಗೆ ಬಿಟ್ಟು ಆ ಕವಚದ ಭಾರದಲ್ಲೇ ಮುಳುಗಿದ. ತೋಪುಗಳು ಆಗಲೇ ಆಚೆ ದಡ ಸೇರಿದ್ದವು. ಕಂಪನಿಯ ಕೆಲವು ಸಿಪಾಯಿಗಳು ಈಜಿ ಹೋಗಿ ದೋಣಿ ತಂದು ಆರು ತೋಪು ಹಿಡಿದರು.

ಆಗಸ್ಟ್ ಇಡೀ ಹೊಳೆಗಳ ತಿಂಗಳು. ಧೋಂಡಿಯಾ ಮಲಪ್ರಭೆಯ ಮೂಲದ ಕಡೆಯ ಕಾಡು ಸುತ್ತಿ ಉತ್ತರ ದಡಕ್ಕೆ ಜಾರಿದ. ಬೆನ್ನಟ್ಟಿದವರು ಹರಿಗೋಲು, ದೋಣಿ ಕಟ್ಟಿಸಿಕೊಂಡು ದಾಟಬೇಕಾಯಿತು. ಕಂಪನಿಯ ದಂಡು ಹೀಗೆ ಮೂರು ತಿಂಗಳು ಹೊಟ್ಟೆಗಿಲ್ಲದೆ ಬೀಳದೆ ನಡೆದದ್ದಕ್ಕೆ ಮೈಸೂರಿನ ದಿವಾನ ಪೂರ್ಣಯ್ಯ ಒದಗಿಸಿದ ಎತ್ತು ಮತ್ತು ದವಸ, ದಂಡಿನ ಹಿಂದೆ ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬರುತ್ತಿದ್ದ ಲಂಬಾಣಿ ವ್ಯಾಪಾರಿಗಳು ಕಾರಣ. ವೆಲ್ಲೆಸ್ಲಿಯ ಆ ಕಾಲದ ಪತ್ರಗಳಲ್ಲಿ ಶತ್ರುವಿನಷ್ಟೇ ಸಲ ಎತ್ತಿನ ಸುದ್ದಿ ಬರುತ್ತದೆ. ಧೋಂಡಿಯಾನ ದಂಡಿಗೆ ಇಂಥ ಏರ್ಪಾಡು ಇರಲಿಲ್ಲ. ಅದು ಹೋದಲ್ಲಿ ಲೂಟಿ ಮಾಡಿ ತಿನ್ನಬೇಕು, ಒಂದು ಕಡೆ ಲೂಟಿ ಮುಗಿದರೆ ಮುಂದಿನ ಸೀಮೆಗೆ ಹೋಗಬೇಕು. ಪ್ರತಿ ಸೋಲಿಗೂ ಒಂದಿಷ್ಟು ಸವಾರರು ರಾತ್ರಿ ಕಳೆಯುವುದರೊಳಗೆ ಊರಿನ ದಾರಿ ಹಿಡಿಯುತ್ತಿದ್ದರು. ಜೂನ್ ತಿಂಗಳ ಹತ್ತಾರು ಸಾವಿರ, ಸೆಪ್ಟೆಂಬರ್ ಹೊತ್ತಿಗೆ ಐದು ಸಾವಿರಕ್ಕೆ ಇಳಿದದ್ದು ಹೀಗೆ.

ಹನುಮಸಾಗರದಿಂದ ಕನಕಗಿರಿಗೆ

ಸೆಪ್ಟೆಂಬರ್ ಮೊದಲಿಗೆ ಧೋಂಡಿಯಾ ಪೂರ್ವಕ್ಕೆ ಸರಿದು ನಿಜಾಮನ ಸೀಮೆಯಲ್ಲಿ, ರಾಯಚೂರಿನಿಂದ 25 ಮೈಲಿ ದೂರದಲ್ಲಿ ಬೀಡು ಬಿಟ್ಟಿದ್ದ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಎರಡೂ ತುಂಬಿ ಹರಿಯುವ ದಿನಗಳು. ಸುರಪುರದ ನಾಯಕ ಅವನ ಸ್ನೇಹಿತ. ಕರ್ನೂಲಿನ ಪಠಾಣರೂ ತುಂಗಭದ್ರೆಯ ಬಲದಂಡೆಯ ಪಾಳೆಯಗಾರರೂ ಬೇಕೆಂದರೆ ಹೊಳೆ ದಾಟಿಸಬಲ್ಲವರು. ಹೀಗಾಗಿ ಅವನಿಗೆ ಮೂರು ದಾರಿ ಇದ್ದವು: ಕೃಷ್ಣೆ ದಾಟಿ ಸುರಪುರಕ್ಕೆ, ತುಂಗಭದ್ರೆ ದಾಟಿ ಮೈಸೂರಿಗೆ, ಇಲ್ಲವೇ ಬಂದ ದಿಕ್ಕಿಗೇ ತಿರುಗಿ ಕನಕಗಿರಿ–ಕೊಪ್ಪಳದ ಮೇಲೆ ಸವಣೂರಿಗೆ. ಮೂರನೆಯ ದಾರಿ ಹಿಡಿದರೆ ಕಂಪನಿಯ ದಂಡಿಗೆ ದವಸ ಬರುವ ಹಾದಿಯೇ ಕಡಿದುಹೋಗುತ್ತಿತ್ತು.

ವೆಲ್ಲೆಸ್ಲಿ ಜಾಲಿಹಾಳದಲ್ಲಿ ಮಲಪ್ರಭೆ ದಾಟಿ ಸೆಪ್ಟೆಂಬರ್ 3ರಂದು ಹೊರಟು 5ರಂದು ಹನುಮಸಾಗರದಲ್ಲಿ ನಿಜಾಮನ ಸೀಮೆ ಹೊಕ್ಕ. ಅಲ್ಲಿಂದ ಶತ್ರುವಿನತ್ತ ನೇರ ಹೋಗಬೇಕೆಂದರೆ ಪೂರ್ವಕ್ಕೆ, ಮುದಗಲ್ಲು–ಮಸ್ಕಿಯ ದಾರಿ ಹಿಡಿಯಬೇಕು. ಅವನು ಆ ದಾರಿಯನ್ನು ಸ್ಟೀವನ್ಸನ್ನನಿಗೆ ಬಿಟ್ಟು, ಕೃಷ್ಣೆಯ ಗುಂಟ ದೇವದುರ್ಗದ ಕಡೆ ಹೋಗಿ ಸುರಪುರದ ಬಾಗಿಲು ಮುಚ್ಚಲು ಹೇಳಿದ. ತಾನು ದಕ್ಷಿಣಕ್ಕೆ ತಿರುಗಿ ಕುಷ್ಟಗಿ ಸೀಮೆಯನ್ನು ಹಾದು 7ರಂದು ಕನಕಗಿರಿ ಮುಟ್ಟಿದ. ಮರಾಠ ಮತ್ತು ನಿಜಾಮ ಸವಾರರನ್ನು ಒಟ್ಟು ಮಾಡಿ ಎರಡು ಪಡೆಗಳ ನಡುವೆ ಮುಂದಕ್ಕೆ ಬಿಟ್ಟ. ಶತ್ರುವಿಗೆ ಬೆನ್ನು ತಿರುಗಿಸಿದಂತೆ ಕಾಣುವ ಈ ದಕ್ಷಿಣದ ತಿರುವೇ ನನ್ನ ಲೆಕ್ಕಕ್ಕೆ ಇಡೀ ದಂಡಯಾತ್ರೆಯ ಜಾಣತನ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ಇಂದಿಗೂ ಉಂಟು. ವೆಲ್ಲೆಸ್ಲಿ ಕನಕಾಚಲಪತಿಯ ಗುಡಿ ನೋಡಿದನೋ ಇಲ್ಲವೋ, ಕನಕಗಿರಿಯಲ್ಲಿ ನಿಂತವನಿಗೆ ಕೊಪ್ಪಳದ ದಾರಿಯೂ ತುಂಗಭದ್ರೆಯ ದಾಟುಗಳೂ ಕೈಯಳತೆಗೆ ಸಿಗುತ್ತವೆಂಬುದನ್ನು ಚೆನ್ನಾಗಿ ನೋಡಿದ್ದ. ಮೂರು ದಾರಿಯಲ್ಲಿ ಎರಡು ಆ ಒಂದು ಊರಿನಿಂದಲೇ ಮುಚ್ಚಿದವು. ಬೇಟೆಯಲ್ಲಿ ಸೋವುವವರು ಮೂರು ಕಡೆಯಿಂದ ಬಂದರೆ ಪ್ರಾಣಿ ನಾಲ್ಕನೆಯ ಕಡೆ ಓಡುತ್ತದೆ. ಇಲ್ಲಿ ನಾಲ್ಕನೆಯ ಕಡೆ ಎರಡು ಹೊಳೆ ಕೂಡುವ ಮೂಲೆ.

8ರಂದು ಕನಕಗಿರಿ ಬಿಟ್ಟಾಗ ಅವನು ಪಡೆಯನ್ನು ಎರಡು ಮಾಡಿದ. ಕಾಲಾಳುಗಳು ನವಲಿಯ ಮೇಲೆ ನಿಧಾನವಾಗಿ ಹಿಂದೆ, ಕುದುರೆ ದಂಡು ಮಾತ್ರ ಮುಂದೆ. 9ರಂದು ಕಾಲಾಳು ಚಿನ್ನೂರಿನಲ್ಲಿದ್ದರೆ ಕುದುರೆ ಅದಕ್ಕಿಂತ 15 ಮೈಲಿ ಮುಂದೆ ಯಾಪಲಪರ್ವಿಯಲ್ಲಿತ್ತು.

ಚಿನ್ನೂರಿನ ಕಿಲ್ಲೇದಾರನ ಪಾತ್ರ ಇಲ್ಲಿ ಬರುತ್ತದೆ. ನಿಜಾಮನ ಆಳು ಎಂದ ಮೇಲೆ ಅವನು ಕಂಪನಿಯ ಮಿತ್ರನೇ ಆಗಬೇಕು. ಆದರೆ ಅವನು ಧೋಂಡಿಯಾನಿಗೆ ಸುದ್ದಿ ಮುಟ್ಟಿಸಲೆಂದೇ ಟಪಾಲು ಇಟ್ಟಿದ್ದ. ಇಂಗ್ಲಿಷರ ದಂಡು 8ರಂದು ನವಲಿಯಲ್ಲಿ, 9ರಂದು ಚಿನ್ನೂರಿನಲ್ಲಿ ಇಳಿಯುತ್ತದೆಂದು ಬರೆದು ಕಳಿಸಿದ. ಬಂದ ವೆಲ್ಲೆಸ್ಲಿಯನ್ನು ಚಿನ್ನೂರಿನಲ್ಲೇ ಉಳಿಸಿಕೊಳ್ಳಲು ಉಪಚಾರದ ನೆಪದಲ್ಲಿ ಮಾಡಬಹುದಾದದ್ದೆಲ್ಲ ಮಾಡಿದ. ದಾರಿ ತೋರಿಸಲೆಂದು ಕೊಟ್ಟ ದೊಡ್ಡ ಮನುಷ್ಯನೊಬ್ಬ ಬೇರೆ ಎಲ್ಲಿಗೋ ಹೋಗುವ ಒಳ್ಳೆಯ ದಾರಿ ತೋರಿಸತೊಡಗಿದಾಗ, ಗಲ್ಲಿಗೆ ಹಾಕುವೆನೆಂದು ಹೆದರಿಸಬೇಕಾಯಿತೆಂದು ವೆಲ್ಲೆಸ್ಲಿ ಗೆಳೆಯ ಥಾಮಸ್ ಮನ್ರೋಗೆ ಬರೆದ ಕಾಗದದಲ್ಲಿ ನಗುತ್ತ ಹೇಳಿಕೊಂಡಿದ್ದಾನೆ. ಕಿಲ್ಲೇದಾರ ಬರೆದ ಸುದ್ದಿ ಕಾಲಾಳುಗಳ ಮಟ್ಟಿಗೆ ನಿಜವೇ ಆಗಿತ್ತು. ಕುದುರೆ ಬೇರೆ ಆಗಿ ಮುಂದೆ ಹೋದ ಸುದ್ದಿಯನ್ನು ಆಮೇಲೆ ಮುಟ್ಟಿಸಲು ನಡುವೆ ಓಡಾಡುತ್ತಿದ್ದ ಮರಾಠ ಸವಾರರು ಬಿಡಲಿಲ್ಲ. ಅರ್ಧ ಸುದ್ದಿ ಸುಳ್ಳಿಗಿಂತ ಕೆಟ್ಟದ್ದಾಯಿತು.

9ರ ಬೆಳಗ್ಗೆ ಧೋಂಡಿಯಾ ಬೀಡು ಕಿತ್ತು ಕೃಷ್ಣೆಯತ್ತ ನಡೆದ. ದಾರಿಯಲ್ಲಿ ಸ್ಟೀವನ್ಸನ್ನನ ಡೇರೆಗಳು ಕಂಡವು. ಅಲ್ಲಿಂದಲೇ ತಿರುಗಿದ. ಸಂಜೆಗೆ ಬಂದು ಇಳಿದದ್ದು ಯಾಪಲಪರ್ವಿಯಿಂದ ಬರೀ ಒಂಬತ್ತು ಮೈಲಿಯಲ್ಲಿ. ಚಿನ್ನೂರಿನಲ್ಲಿರುವ ಇಂಗ್ಲಿಷರಿಗೂ ನಡುವಿನ ಸವಾರರಿಗೂ ಮಧ್ಯೆ ಮರುದಿನ ಪಶ್ಚಿಮಕ್ಕೆ ನುಸುಳಿಹೋಗುವುದು ಅವನ ಲೆಕ್ಕ.

ಕದನ

ಶತ್ರು ಎಲ್ಲಿದ್ದಾನೆಂಬ ಸುದ್ದಿ ವೆಲ್ಲೆಸ್ಲಿಗೆ ಬೇಗನೆ ಸಿಕ್ಕಿತ್ತು. ಆದರೆ ರಾತ್ರಿ ಹವೆ ತೀರಾ ಕೆಟ್ಟಿತ್ತು, ಕುದುರೆಗಳು ದಣಿದು ಹೋಗಿದ್ದವು. ಹೊರಡಲಾಗದೆ, ನಿದ್ದೆ ಬಾರದೆ, ಬೆಳಗಾದರೆ ಹಕ್ಕಿ ಹಾರಿಹೋಗುತ್ತದೇನೋ ಎಂಬ ಕಳವಳದಲ್ಲಿ ರಾತ್ರಿ ಕಳೆದ. ಬೆಳಗ್ಗೆ ಹೊರಟು ಸುಮಾರು ಆರು ಮೈಲಿ ನಡೆಯುವಷ್ಟರಲ್ಲಿ ಕೋನಗಲ್ಲಿನ ಬಳಿ ಎರಡೂ ಪಡೆ ಎದುರಾದವು. ಧೋಂಡಿಯಾ ಪಶ್ಚಿಮಕ್ಕೆ ನಡೆಯುತ್ತಿದ್ದ. ಇಂಗ್ಲಿಷರು ಅಲ್ಲಿರುವರೆಂದು ಅವನಿಗೆ ಗೊತ್ತಿರಲಿಲ್ಲ.

ಆದರೂ ಅವನು ಗಾಬರಿಯಿಂದ ಓಡಲಿಲ್ಲ. ಊರನ್ನೂ ಊರ ಮಗ್ಗುಲ ಕಲ್ಲುಗುಡ್ಡವನ್ನೂ ಬೆನ್ನಿಗೆ ಮತ್ತು ಎಡಕ್ಕೆ ಮಾಡಿಕೊಂಡು ಸವಾರರನ್ನು ಸಾಲುಗಟ್ಟಿಸಿದ. ಎಡ ಮಗ್ಗುಲಿನಿಂದಾಗಲಿ ಹಿಂದಿನಿಂದಾಗಲಿ ಯಾರೂ ಸುತ್ತುವರಿಯುವಂತಿಲ್ಲ. ಸಾಲೋ ಎದುರಾಳಿಯ ಸಾಲಿಗಿಂತ ಬಹಳ ಉದ್ದ. ಅವಸರದಲ್ಲಿ ಆರಿಸಿಕೊಂಡ ಜಾಗವಾದರೂ ಹಳೆಯ ಸವಾರನ ಕಣ್ಣು ಅಲ್ಲಿ ಕಾಣುತ್ತದೆ.

ವೆಲ್ಲೆಸ್ಲಿಯ ಕೈಯಲ್ಲಿದ್ದವು 19ನೆಯ ಮತ್ತು 25ನೆಯ ಲೈಟ್ ಡ್ರಾಗೂನ್ ಎಂಬ ಎರಡು ಗೋರಾ ರೆಜಿಮೆಂಟು, ಮದರಾಸು ದೇಶೀ ಕುದುರೆ ಪಡೆಯ 1ನೆಯ ಮತ್ತು 2ನೆಯ ರೆಜಿಮೆಂಟು. ಅಂದರೆ ನಾಲ್ಕರಲ್ಲಿ ಎರಡು ಇಲ್ಲಿನವರದೇ. ಕುದುರೆ ಪಡೆಯನ್ನು ಎರಡು ಸಾಲು ಮಾಡಿ ಹಿಂದಿನ ಸಾಲನ್ನು ಅಡಚಣೆಯ ಹೊತ್ತಿಗೆ ಕಾದಿಡುವುದು ಯುದ್ಧಶಾಸ್ತ್ರದ ಬಾಲಪಾಠ. ಇಲ್ಲಿ ಹಾಗೆ ಮಾಡಿದರೆ ಎದುರಿನ ಉದ್ದ ಸಾಲು ಎರಡೂ ಕಡೆಯಿಂದ ಬಾಗಿ ಸುತ್ತಿಕೊಳ್ಳುತ್ತಿತ್ತು. ಹಾಗಾಗಿ ನಾಲ್ಕೂ ರೆಜಿಮೆಂಟುಗಳನ್ನು ಒಂದೇ ತೆಳು ಸಾಲಾಗಿ ಹರಡಿದ. ಹಿಂದೆ ಕಾದಿಟ್ಟ ಪಡೆ ಇಲ್ಲ, ಕಾಲಾಳು ಗಾವುದ ದೂರ. ಸಾಲು ಒಂದು ಕಡೆ ಹರಿದರೆ ಹೊಲಿಯಲು ದಾರವಿಲ್ಲ ಎಂಬ ಸ್ಥಿತಿ. ತಾನೇ ಮುಂದೆ ನಿಂತು ದಾಳಿಗೆ ಹೊರಟ. ಮುಂದೆ ಎಷ್ಟೋ ಕದನಗಳಲ್ಲಿ ಸೇನೆ ನಡೆಸಿದ ಈ ಮನುಷ್ಯ ಕುದುರೆ ದಾಳಿಯೊಂದನ್ನು ಸ್ವತಃ ಮುನ್ನಡೆಸಿದ ಉದಾಹರಣೆಯಾಗಿ ಜೀವನಚರಿತ್ರೆಕಾರರು ಕೋನಗಲ್ಲನ್ನೇ ಹೇಳುತ್ತಾರೆ.

ಧೋಂಡಿಯಾನ ಸವಾರರು ಸ್ವಲ್ಪ ಹೊತ್ತು ಗಟ್ಟಿಯಾಗಿಯೇ ನಿಂತರು. ಇದನ್ನು ವೆಲ್ಲೆಸ್ಲಿಯೂ ಒಪ್ಪಿದ್ದಾನೆ. ಆದರೆ ನಿಂತಲ್ಲೇ ನಿಂತ ಕುದುರೆ, ಓಡಿ ಬರುವ ಕುದುರೆಯ ಎದುರು ಸೋತಂತೆಯೇ. ಮೊಣಕಾಲಿಗೆ ಮೊಣಕಾಲು ತಾಗುವಂತೆ ಒತ್ತಾಗಿ, ವೇಗ ಏರಿಸುತ್ತ ಬಂದ ಸಾಲು ಮುಟ್ಟುವ ಹೊತ್ತಿಗೆ ಎದುರಿನ ಸಾಲು ಇಡೀ ಮುರಿಯಿತು. ಲೂಟಿಗೆ, ಹಠಾತ್ ದಾಳಿಗೆ, ಬೆನ್ನಟ್ಟುವುದಕ್ಕೆ ಪಳಗಿದ ಸವಾರರಿಗೆ ಸಾಲಿನಲ್ಲಿ ನಿಂತು ಹೊಡೆತ ತಾಳುವ ಕವಾಯತು ಇರಲಿಲ್ಲ. ಮೈಲಿಗಟ್ಟಲೆ ಅಟ್ಟಿಸಿಕೊಂಡು ಹೋದ ಮೇಲೆ ವೆಲ್ಲೆಸ್ಲಿ ಹಿಂದಿರುಗಿ, ಮೂರು ಮೈಲಿ ದೂರದಲ್ಲಿದ್ದ ಬೀಡಿನ ಮೇಲೆ ಬಿದ್ದು ಆನೆ, ಒಂಟೆ, ಸಾಮಾನು ಎಲ್ಲ ಹಿಡಿದ. ಮರಾಠ, ನಿಜಾಮ ಸವಾರರು ಬಂದು ಸೇರುವಾಗ ಬೆಳಗಿನ ಹನ್ನೊಂದು ಗಂಟೆ. ಚದುರಿದವರನ್ನು ಹುಡುಕಿ ಕೊಲ್ಲುವ ಕೆಲಸ ಅವರ ಪಾಲಿಗೆ ಬಂತು.

ಸತ್ತವರ ನಡುವೆ ಧೋಂಡಿಯಾ ಇದ್ದ. ಗುರುತು ಹಿಡಿದ ಮೇಲೆ ಹೆಣವನ್ನು ಕುದುರೆ ಪಡೆಯ ಸಣ್ಣ ತೋಪಿನ ಮೇಲೆ ಕಟ್ಟಿ ಬೀಡಿಗೆ ತಂದರು. ಸಾಮಾನಿನ ನಡುವೆ ಅವನ ನಾಲ್ಕು ವರ್ಷದ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಹುಡುಗನನ್ನು ತನ್ನ ಡೇರೆಗೆ ಕರೆಸಿ ಸಾಕಿದ; ಹಿಂದೂಸ್ಥಾನ ಬಿಡುವಾಗ ಅವನ ಸಲುವಾಗಿ ಶ್ರೀರಂಗಪಟ್ಟಣದಲ್ಲಿ ಹಣ ಇಟ್ಟು ಹೋದ. ಸಲಾಬತ್ ಖಾನ್ ಮುಂದೆ ಮೈಸೂರು ಮಹಾರಾಜರ ಸೇವೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಸಂಖ್ಯೆಯ ಪ್ರಶ್ನೆ

ಕಡಿಮೆ ಜನ ಹೆಚ್ಚು ಜನರನ್ನು ಗೆದ್ದರು ಎಂಬ ಮಾತು ಬ್ರಿಟಿಷ್ ಬರಹಗಳಲ್ಲಿ ಹಿಂದೂಸ್ಥಾನದ ಪ್ರತಿ ಕದನಕ್ಕೂ ಅಂಟಿಕೊಂಡು ಬರುತ್ತದೆ. ಕೋನಗಲ್ಲಿನ ಮಟ್ಟಿಗೆ ಅದು ಬೆಳಗಿನ ಆ ಕೆಲವು ಗಂಟೆಗಳಿಗೆ ಮಾತ್ರ ನಿಜ. ಎಡೆದೊರೆ ನಾಡಿನಲ್ಲಿ ಅಂದು ಇದ್ದವರನ್ನೆಲ್ಲ ಕೂಡಿಸಿದರೆ ಲೆಕ್ಕ ತಿರುವುಮುರುವಾಗುತ್ತದೆ: ವೆಲ್ಲೆಸ್ಲಿಯ ಕಾಲಾಳು, ಸ್ಟೀವನ್ಸನ್ನನ ಪಡೆ, ಹೈದರಾಬಾದಿನ ಕಡೆಯಿಂದ ಕಂಪನಿಯ ಅಧಿಕಾರಿ ಬೌಸರ್ ತಂದ ದಂಡು, ಬಾಪು ಗೋಖಲೆಯ ಮರಾಠರು, ನಿಜಾಮನ ಸವಾರರು, ಮೈಸೂರಿನ ಕುದುರೆ. ಕಡಿಮೆ ಜನ ಇದ್ದವನು ನಿಜಕ್ಕೂ ಧೋಂಡಿಯಾ. ವೆಲ್ಲೆಸ್ಲಿ ಬೇಕೆಂದೇ ತನ್ನ ಹೆಚ್ಚಿನ ಬಲವನ್ನು ದಾರಿಗಳನ್ನು ಮುಚ್ಚಲು ಹರಡಿ, ವೇಗಕ್ಕಾಗಿ ಸಣ್ಣ ಬಲ ಇಟ್ಟುಕೊಂಡ. ಅವನ ಕೊರತೆ ಆರಿಸಿಕೊಂಡ ಕೊರತೆ.

ಮೂರು ವರ್ಷದ ಬಳಿಕ, 1803ರ ಸೆಪ್ಟೆಂಬರ್ 23ರಂದು, ಈಗಿನ ಮಹಾರಾಷ್ಟ್ರದ ಜಾಲನಾ ಜಿಲ್ಲೆಯ ಅಸಾಯೆಯಲ್ಲಿ ಸಿಂಧಿಯಾ ಮತ್ತು ನಾಗಪುರದ ಭೋಂಸಲೆಯ ಸೇನೆಯನ್ನು ಎದುರಿಸಿದಾಗಲೂ ವೆಲ್ಲೆಸ್ಲಿ ಮಾಡಿದ್ದು ಇಂಥದ್ದೇ. ಸ್ಟೀವನ್ಸನ್ನನನ್ನು ಬೇರೆ ದಾರಿಯಲ್ಲಿ ಕಳಿಸಿದ್ದ, ಶತ್ರು ಎದುರಾದಾಗ ಅವನಿಗಾಗಿ ಕಾಯದೆ ನುಗ್ಗಿದ. 19ನೆಯ ಡ್ರಾಗೂನ್ ಅಲ್ಲಿಯೂ ಇತ್ತು. ಅಸಾಯೆಯಲ್ಲಿ ಎದುರಿಗಿದ್ದದ್ದು ಯುರೋಪಿಯನ್ನರು ತರಬೇತಿ ಕೊಟ್ಟ ಕಾಲಾಳು ಮತ್ತು ನೂರರಷ್ಟು ತೋಪು; ಗೆಲುವಿಗೆ ತೆತ್ತ ಬೆಲೆ ಸತ್ತವರು, ಗಾಯಗೊಂಡವರು ಸೇರಿ ಸಾವಿರದೈನೂರು ಮೀರಿತು. ಮುಪ್ಪಿನಲ್ಲಿ ತನ್ನ ಅತ್ಯುತ್ತಮ ಕದನ ಯಾವುದೆಂದು ಕೇಳಿದಾಗ ಅವನು ವಾಟರ್ಲೂ ಎನ್ನದೆ ಅಸಾಯೆ ಎಂದ. ಅಸಾಯೆಯ ಧೈರ್ಯಕ್ಕೆ ಕೋನಗಲ್ಲು ಅಭ್ಯಾಸ. ಆದರೆ ಕೋನಗಲ್ಲಿನ ಸುಲಭ ಗೆಲುವು ಅವನಿಗೆ ಸ್ವಲ್ಪ ತಪ್ಪು ಪಾಠವನ್ನೂ ಕಲಿಸಿರಬೇಕು. ಹಿಂದೂಸ್ಥಾನದ ಸೇನೆಗಳೆಲ್ಲ ಜೋರಾಗಿ ತಳ್ಳಿದರೆ ಬೀಳುತ್ತವೆಂದು ನಂಬಿ ಹೋದವನಿಗೆ ಸಿಂಧಿಯಾನ ತೋಪುಗಾರರು ತಮ್ಮ ತೋಪಿನ ಬುಡದಲ್ಲೇ ಸಾಯುತ್ತ ಬೇರೆ ಪಾಠ ಹೇಳಿದರು.

ಧೋಂಡಿಯಾನ ಬಗೆಗೆ ಅಭಿಪ್ರಾಯ ಎರಡು ತುದಿಯಲ್ಲಿದೆ. ಕಂಪನಿಯ ಕಡತಗಳಿಗೆ ಅವನು ದರೋಡೆಕೋರ. ಕನ್ನಡ ನಾಡಿನ ಈಚಿನ ಬರಹಗಳಲ್ಲಿ ಅ‌ವನು ಬ್ರಿಟಿಷರ ವಿರುದ್ಧದ ಮೊದಲ ಬಂಡಾಯಗಾರರಲ್ಲಿ ಒಬ್ಬ. ಅವನನ್ನು ದರೋಡೆಕೋರನೆಂದವರ ನಡತೆಯೇ ಆ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಧೋಂಡಿಯಾನನ್ನು ಗುಟ್ಟಾಗಿ ಕೊಲ್ಲಿಸುವ ಸಲಹೆ ಬಂದಾಗ ವೆಲ್ಲೆಸ್ಲಿ, ಬಹಿರಂಗವಾಗಿ ಬಹುಮಾನ ಸಾರುವುದು ಬೇರೆ, ಒಳಗೊಳಗೆ ಕೊಲೆಗೆ ವ್ಯಾಪಾರ ಕುದುರಿಸುವುದು ಬೇರೆ, ಎರಡನೆಯದು ಸೇನೆ ನಡೆಸುವ ಅಧಿಕಾರಿಗೆ ತಕ್ಕುದಲ್ಲ ಎಂದು ತಳ್ಳಿಹಾಕಿದ. ಗೆಲುವಿನ ಸುದ್ದಿ ಕೇಳಿದ ಮನ್ರೋ, ನೀವು ಅಡ್ಡ ಬಾರದಿದ್ದರೆ ಈತ ಸ್ವತಂತ್ರ ದೊರೆಯಾಗಿ ಹೊಸ ಸುಲ್ತಾನರ ವಂಶವೊಂದನ್ನು ಸ್ಥಾಪಿಸುತ್ತಿದ್ದ ಎಂಬರ್ಥದಲ್ಲಿ ಬರೆದ. ಬರೀ ಕಳ್ಳನ ಬಗ್ಗೆ ಯಾರೂ ಹಾಗೆ ಬರೆಯುವುದಿಲ್ಲ. ಇತ್ತ ಅವನ ಸವಾರರು ದಾಟಿ ಹೋದ ಹಳ್ಳಿಗಳಲ್ಲಿ ಜೋಳದ ಹಗೇವು ಬರಿದಾದ ರೈತನಿಗೆ ಅವನು ಸ್ವಾತಂತ್ರ್ಯ ಹೋರಾಟಗಾರನಾಗಿ ಕಂಡಿರಲಾರ. ರಾಜ್ಯ ಒಡೆದಾಗ ಉದ್ಯೋಗ ಹೋದ ಸೈನಿಕರ ನಾಯಕ ಎಂಬುದು ಹೆಚ್ಚು ಸರಿಯಾದ ವರ್ಣನೆ. ಗೆದ್ದಿದ್ದರೆ ರಾಜ, ಸೋತದ್ದರಿಂದ ಕಳ್ಳ.

ಗಡಿಯಾಗಿ ಉಳಿದ ಹೊಳೆ

ಕದನವಾದ ಒಂದು ತಿಂಗಳಿಗೆ, 1800ರ ಅಕ್ಟೋಬರ್ 12ರಂದು, ನಿಜಾಮನಿಗೂ ಕಂಪನಿಗೂ ಹೈದರಾಬಾದಿನಲ್ಲಿ ಒಪ್ಪಂದವಾಯಿತು. ಮೈಸೂರು ಯುದ್ಧಗಳಲ್ಲಿ ತನಗೆ ಬಂದಿದ್ದ ಸೀಮೆಗಳನ್ನೆಲ್ಲ ನಿಜಾಮ ಕಂಪನಿಯ ಪಡೆಯ ಖರ್ಚಿಗಾಗಿ ಬಿಟ್ಟುಕೊಟ್ಟ. ಆ ಲೆಕ್ಕದಲ್ಲಿ ಕೊಪ್ಪಳ, ಗಜೇಂದ್ರಗಡ ಸೀಮೆಗಳೂ ಕಂಪನಿಗೆ ಹೋಗಬೇಕಿತ್ತು. ಆದರೆ ತುಂಗಭದ್ರೆಯ ಉತ್ತರಕ್ಕೆ ಚದುರಿದ ಜಾಗ ಕಾಯುವುದು ಕಷ್ಟವೆಂದು ಅವನ್ನು ನಿಜಾಮನಿಗೇ ಬಿಟ್ಟು, ಬದಲಿಗೆ ಹೊಳೆಯ ದಕ್ಷಿಣದ ಆದವಾನಿಯನ್ನು ಕಂಪನಿ ತೆಗೆದುಕೊಂಡಿತು. ಹೊಳೆಯೇ ಗಡಿಯಾಯಿತು. ಹೊಳೆಗಳ ನಡುವೆ ಶತ್ರುವನ್ನು ಹುಡುಕಿ ಆ ಮಳೆಗಾಲವಿಡೀ ಬಸವಳಿದವರಿಗೆ ಹೊಳೆಯ ಗಡಿಯ ಅನುಕೂಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದಕ್ಷಿಣದ ದಡ ಬಳ್ಳಾರಿ ಜಿಲ್ಲೆಯಾಗಿ ಮದರಾಸಿಗೆ ಸೇರಿತು. ಅಲ್ಲಿಗೆ ಕಲೆಕ್ಟರಾಗಿ ಬಂದವನು ಅದೇ ಮನ್ರೋ, ಅವನ ಜೊತೆಗೆ ರೈತವಾರಿ ಪದ್ಧತಿ. ಉತ್ತರದ ದಡದಲ್ಲಿ ಕುಷ್ಟಗಿ, ಗಂಗಾವತಿ ನಿಜಾಮನ ಸರ್ಕಾರಿ ತಾಲ್ಲೂಕುಗಳಾದವು, ಕೊಪ್ಪಳ ಮತ್ತು ಯಲಬುರ್ಗಾ ಮುಂದೆ ಸಾಲಾರ್ ಜಂಗ್ ಮನೆತನದ ಜಹಗೀರಾದವು. 1819ರಲ್ಲಿ ವೀರಪ್ಪನೆಂಬ ಜಮೀನ್ದಾರ ನಿಜಾಮನ ವಿರುದ್ಧ ಎದ್ದು ಕೊಪ್ಪಳ ಕೋಟೆ ಹಿಡಿದಾಗ ಅದನ್ನು ಬಿಡಿಸಲು ಬಂದವನು ಕಂಪನಿಯ ಪ್ರಿಟ್ಜ್ಲರ್. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಕೊನೆಯ ಹೋರಾಟ ಮಾಡಿದ್ದೂ ಅದೇ ಕೋಟೆಯಲ್ಲಿ. ಆನೆಗೊಂದಿ ಹೈದರಾಬಾದಿನಲ್ಲಿ, ಎದುರು ದಡದ ಹಂಪಿ ಮದರಾಸಿನಲ್ಲಿ. ಒಂದು ಕಡೆ ಉರ್ದು ಕಚೇರಿ ಮತ್ತು ಹಾಲಿ ಸಿಕ್ಕಾ, ಇನ್ನೊಂದು ಕಡೆ ಇಂಗ್ಲಿಷ್ ಕಚೇರಿ ಮತ್ತು ಕಂಪನಿ ರೂಪಾಯಿ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೂ ಈ ಗಡಿ ಹಾಗೆಯೇ ಇತ್ತು. ದಕ್ಷಿಣದ ದಡ 1953ರಲ್ಲಿ, ಉತ್ತರದ ದಡ 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಳಗೆ ಬಂದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದವು; ಹೀಗಾಗಿ ವೆಲ್ಲೆಸ್ಲಿಯ ನಡಿಗೆಯ ದಾರಿ ಒಂದು ಜಿಲ್ಲೆಗೂ ಅವನ ಕದನದ ಬಯಲು ಇನ್ನೊಂದು ಜಿಲ್ಲೆಗೂ ಸೇರಿದೆ.